‘ಆಗುವಷ್ಟರ ಮಟ್ಟಿಗೆ’

1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿ ಸಾರಿದನು. ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಮೊದಲಾಯಿತು. ಘೋಷಣೆಯ ಭಾಷೆ ಉದಾರವಾದುದು. ವಿದ್ಯೆ, ಸಾಮರ್ಥ್ಯ, ಪ್ರಾಮಾಣಿಕತೆಗಳಿಂದ ಅರ್ಹರಾದ ಪ್ರಜೆಗಳೆಲ್ಲರೂ ಜಾತಿಮತಗಳ ಭೇದವಿಲ್ಲದೆ ಸರ್ಕಾರದ ಹುದ್ದೆಗಳಿಗೆ ಸೇರಬಹುದೆಂದು ಅದು ಹೇಳಿತು. ಆದರೆ ಆ ವಾಕ್ಯದಲ್ಲಿ ಐದು ಪುಟ್ಟ ಇಂಗ್ಲಿಷ್ ಪದಗಳಿದ್ದವು: ‘ಸೋ ಫಾರ್ ಆ್ಯಸ್ ಮೇ ಬಿ’. ಆಗುವಷ್ಟರ ಮಟ್ಟಿಗೆ, ಎಂದರ್ಥ.

ಎಷ್ಟು ಆಗುವುದು? ಅದನ್ನು ಅಳೆಯುವವರು ಯಾರು? ವಾಕ್ಯ ಹೇಳುವುದಿಲ್ಲ. ಸೇರಿಸಿಕೊಳ್ಳುವವನ ಹೆಸರೂ ಅಲ್ಲಿಲ್ಲ. ಕರ್ಮಣಿ ಪ್ರಯೋಗದ ಮರೆಯಲ್ಲಿ ಕರ್ತೃ ಕಾಣೆಯಾಗಿದ್ದಾನೆ. (‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ನಮ್ಮ ಕಚೇರಿಗಳ ಕನ್ನಡವೂ ಈ ವಿದ್ಯೆಯನ್ನು ಚೆನ್ನಾಗಿ ಕಲಿತಿದೆ.) 1833ರ ಕಾಯಿದೆಯ ಮಾತೂ ಹೀಗೆಯೇ ವಿಶಾಲವಾಗಿತ್ತು. ಧರ್ಮ, ಹುಟ್ಟಿದ ಸ್ಥಳ, ವಂಶ, ಬಣ್ಣ, ಇವುಗಳ ಕಾರಣದಿಂದಲೇ ಯಾರೂ ಅನರ್ಹರಾಗರು ಎಂದಿತ್ತು. ಅಡ್ಡಿಯಿಲ್ಲವೆಂದರೆ ಕೊಡುತ್ತೇವೆಂದಲ್ಲವಷ್ಟೆ!

ಸಿವಿಲ್ ಸರ್ವಿಸಿನ ಸ್ಪರ್ಧಾಪರೀಕ್ಷೆ 1855ರಿಂದ ಲಂಡನ್ನಿನಲ್ಲಿಯೇ ನಡೆಯುತ್ತಿತ್ತು. ಕಡಲು ದಾಟಿ ಹೋಗಿ ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು, ಅದು 1863ರಲ್ಲಿ. ಮೊದಲಿಗೆ 23 ವರ್ಷವಿದ್ದ ವಯೋಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು 1878ರ ವೇಳೆಗೆ 19ಕ್ಕೆ ಬಂದಿತು. ಪರಭಾಷೆಯಲ್ಲಿ, ಪರದೇಶದಲ್ಲಿ ಪರೀಕ್ಷೆಗೆ ಕೂರಬೇಕಾದ ಹುಡುಗನಿಗೆ 19 ವರ್ಷವೆಂದರೇನು? ಆದರೂ ಘೋಷಣೆಯ ಒಂದಕ್ಷರವೂ ಮುರಿದಿರಲಿಲ್ಲ. ಅದೇ 1878ರಲ್ಲಿ ವೈಸರಾಯ್ ಲಿಟನ್ ತನ್ನ ಗುಪ್ತ ಟಿಪ್ಪಣಿಯಲ್ಲಿ ಮಾತ್ರ ಬಿಚ್ಚಿ ಬರೆದನು. ಭಾರತೀಯರನ್ನು ನೇರವಾಗಿ ತಡೆಯುವುದು, ಇಲ್ಲವೇ ವಂಚಿಸುವುದು, ಇವೆರಡೇ ದಾರಿಗಳಿದ್ದವು. ನಾವು ನೇರವಲ್ಲದುದನ್ನು ಆರಿಸಿಕೊಂಡೆವು ಎಂಬುದು ಅದರ ತಾತ್ಪರ್ಯ.

ಆದರೆ ಅಸ್ಪಷ್ಟವಾದ ಮಾತು ಕೊಟ್ಟವನ ಕೈಯಲ್ಲಿಯೇ ಉಳಿಯುವುದಿಲ್ಲ. ವಯೋಮಿತಿಯ ಇಳಿಕೆಯನ್ನು ವಿರೋಧಿಸಿ ಸುರೇಂದ್ರನಾಥ ಬ್ಯಾನರ್ಜಿಯವರು 1877ರಲ್ಲಿ ಉತ್ತರ ಭಾರತವನ್ನು ಸುತ್ತಿದರು. ದಾದಾಭಾಯಿ ನವರೋಜಿಯವರು 1833ರ ಕಾಯಿದೆಯನ್ನೂ ರಾಣಿಯ ಘೋಷಣೆಯನ್ನೂ ಆಳುವವರ ಮುಂದೆ ಮತ್ತೆ ಮತ್ತೆ ಹಿಡಿದರು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯೂ ಅದೇ ಘೋಷಣೆಯ ಹೆಸರಿನಲ್ಲಿ ಹಕ್ಕು ಕೇಳಿದರು. ಅದರ ವೈಶಾಲ್ಯವನ್ನು ಅವರೆಲ್ಲ ಅಕ್ಷರಶಃ ತೆಗೆದುಕೊಂಡರು. ಹಾಗೆ ತೆಗೆದುಕೊಂಡುದೇ ಜಾಣತನವೆಂದು ನನ್ನ ಭಾವನೆ. ಪರೀಕ್ಷೆ ಭಾರತದಲ್ಲಿಯೂ ನಡೆಯಬೇಕೆಂದು ಕಾಮನ್ಸ್ ಸಭೆ 1893ರಲ್ಲಿ ನಿರ್ಣಯಿಸಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಕೊನೆಗೆ ಅದು ಇಲ್ಲಿ ನಡೆಯತೊಡಗಿದ್ದು 1922ರಲ್ಲಿ, ಅದೇ ಅಲಹಾಬಾದಿನಲ್ಲಿ.