ಓಆಜಾ

ಓಆಜಾ: ಪೋಲೆಂಡಿನ ಕಥೋಲಿಕ ಯುವಜನರ ಬೇಸಿಗೆ ಶಿಬಿರ. ಹದಿನೈದು ದಿನಗಳ ಈ ಧ್ಯಾನಕೂಟ ಜುಲೈ–ಆಗಸ್ಟ್‌ನ ಶಾಲಾ ರಜೆಯಲ್ಲಿ ನಡೆಯುತ್ತದೆ. ಹೆಸರಿನ ಅರ್ಥ ಓಯಸಿಸ್. ಮೊದಲ ಶಿಬಿರವನ್ನು 1954ರಲ್ಲಿ ಸೈಲೀಸಿಯಾ ಪ್ರಾಂತದ ಬಿಬಿಯೆಲಾ ಗ್ರಾಮದಲ್ಲಿ ಪೀಠಬಾಲಕರಿಗಾಗಿ ನಡೆಸಿದವರು ಗುರು ಫ್ರಾಂಚಿಶೆಕ್ ಬ್ಲಾಖ್ನಿಟ್ಸ್ಕಿ. ಶಿಬಿರದಿಂದ ಬೆಳೆದ ಚಳವಳಿಗೆ 1976ರಿಂದ ‘ಬೆಳಕು–ಜೀವ’ ಎಂಬ ಹೆಸರಿದೆ. ಚಳವಳಿಯು ತನ್ನ ಸ್ಥಾಪನೆಯನ್ನು 1973ರ ಜೂನ್ 11ರಿಂದ ಎಣಿಸುತ್ತದೆ. ಆ ದಿನ ಕ್ರೊಶ್ಚೆಂಕೊ ಊರಿನಲ್ಲಿ ಕಾರ್ಡಿನಲ್ ಕರೋಲ್ ವೊಯ್ತಿವಾ ಅದನ್ನು ಅಮಲೋದ್ಭವ ಮಾತೆಗೆ ಸಮರ್ಪಿಸಿದ್ದರು. ಹೀಗಾಗಿ 2023ರಲ್ಲಿ ಚಳವಳಿಗೆ ಐವತ್ತು ತುಂಬಿತು, ಮರುವರ್ಷ ಶಿಬಿರಕ್ಕೆ ಎಪ್ಪತ್ತು.

ಶಿಬಿರದ ಸ್ವರೂಪ ತಿಳಿಯಬೇಕಾದರೆ ಸ್ಥಾಪಕರ ಬದುಕನ್ನು ನೋಡಲೇಬೇಕು. 1921ರಲ್ಲಿ ರಿಬ್ನಿಕ್‌ನಲ್ಲಿ ಹುಟ್ಟಿದ ಬ್ಲಾಖ್ನಿಟ್ಸ್ಕಿ ಹರೆಯದಲ್ಲಿ ದೇವರನ್ನು ನಂಬಿದವರಲ್ಲ. ಆಗ ಅವರ ಮನಸ್ಸು ಇದ್ದದ್ದು ಸ್ಕೌಟ್ ದಳದಲ್ಲಿ. ನಾಜಿಗಳು 1940ರಲ್ಲಿ ಅವರನ್ನು ಔಶ್ವಿತ್ಸ್‌ಗೆ ತಳ್ಳಿದರು. ಅಲ್ಲಿ ಅವರ ಸಂಖ್ಯೆ 1201. ಭೂಗತ ಹೋರಾಟದ ಆರೋಪದ ಮೇಲೆ 1942ರಲ್ಲಿ ಮರಣದಂಡನೆಯಾಯಿತು. ಕಟೋವಿತ್ಸೆಯ ಸೆರೆಮನೆಯಲ್ಲಿ ಶಿರಚ್ಛೇದಕ್ಕಾಗಿ ಕಾಯುತ್ತಿದ್ದಾಗಲೇ, ಜೂನ್ 17ರಂದು, ಅವರಲ್ಲಿ ವಿಶ್ವಾಸ ಮೂಡಿತು. ಆಗಸ್ಟ್‌ನಲ್ಲಿ ಶಿಕ್ಷೆಯನ್ನು ಸೆರೆವಾಸಕ್ಕೆ ಇಳಿಸಲಾಯಿತು. 1950ರಲ್ಲಿ ಗುರುದೀಕ್ಷೆ ಪಡೆದ ಮೇಲೆ ಮಕ್ಕಳಿಗೆ ಶಿಬಿರ ನಡೆಸಲು ಹೊರಟಾಗ ಸ್ಕೌಟ್‌ನಲ್ಲಿ ಕಲಿತ ಸಣ್ಣ ಗುಂಪು, ದಿನಚರಿ, ಬಯಲಿನ ಓಡಾಟ ಎಲ್ಲವೂ ಅವರ ಕೈಗೆ ಒದಗಿ ಬಂದವು.

ಓಆಜಾದ ನಿಜವಾದ ಜಾಣ್ಮೆ ಇರುವುದು ಅದರ ದಿನಗಳ ಹೊಂದಿಕೆಯಲ್ಲಿ. ಜಪಸರದ ಸಾಂಪ್ರದಾಯಿಕ ಹದಿನೈದು ರಹಸ್ಯಗಳಿಗೆ ಹದಿನೈದು ದಿನ: ಮೊದಲ ಐದು ದಿನ ಹರ್ಷದ ರಹಸ್ಯಗಳು, ನಡುವಿನ ಐದು ದುಃಖದವು, ಕೊನೆಯ ಐದು ಮಹಿಮೆಯವು. ವರ್ಷವಿಡೀ ಹರಡಿಕೊಂಡ ಹಬ್ಬಗಳು ಎರಡು ವಾರಕ್ಕೆ ಇಳಿದು ಬರುತ್ತವೆ. ಮೂರನೆಯ ದಿನ ಕ್ರಿಸ್ತಜನನ. ನಡುಬೇಸಿಗೆಯಲ್ಲಿ ಮಕ್ಕಳು ಕ್ರಿಸ್‌ಮಸ್ ಹಾಡು ಹಾಡುತ್ತಾರೆ. ಹತ್ತನೆಯ ದಿನ ಶಿಲುಬೆಯ ಮರಣ. ಹದಿಮೂರನೆಯದು ಪವಿತ್ರಾತ್ಮರ ಆಗಮನದ ದಿನ. ಅಂದು ಸುತ್ತಮುತ್ತಲ ಶಿಬಿರಗಳೆಲ್ಲ ಒಂದೆಡೆ ಸೇರಿ ‘ಸಮುದಾಯದ ದಿನ’ ಆಚರಿಸುತ್ತವೆ. ಪ್ರತಿದಿನ ಬಲಿಪೂಜೆ, ಹಾಡು ಕಲಿಯುವ ಹೊತ್ತು, ಸುತ್ತಲ ಪ್ರಕೃತಿಯನ್ನು ಕಣ್ತೆರೆದು ನೋಡುವ ನಡಿಗೆ, ಸಂಜೆಯ ಆಟ–ನಗು ಇರುತ್ತವೆ. ಧರ್ಮಗ್ರಂಥ ಹಿಡಿದು ಒಬ್ಬರೇ ಕೂರುವ ಮೌನದ ಹೊತ್ತಿಗೆ ‘ಭೇಟಿಯ ಗುಡಾರ’ ಎಂದು ಹೆಸರು. ಸಣ್ಣ ಗುಂಪನ್ನು ನಡೆಸುವುದು ಸಾಮಾನ್ಯವಾಗಿ ಹಿಂದಿನ ವರ್ಷಗಳಲ್ಲಿ ಶಿಬಿರ ಮುಗಿಸಿದ ಯುವಕ ಯುವತಿಯರು. ಕಲಿತವರೇ ಕಲಿಸುವ ಈ ಕ್ರಮವಿಲ್ಲದಿದ್ದರೆ ಓಆಜಾ ಇಷ್ಟು ತಲೆಮಾರು ದಾಟುತ್ತಿರಲಿಲ್ಲ.

ಕಮ್ಯುನಿಸ್ಟ್ ಆಡಳಿತಕ್ಕೆ ಇದು ಸಹ್ಯವಾಗಲಿಲ್ಲ. ಮದ್ಯವರ್ಜನ ಆಂದೋಲನವನ್ನೂ ನಡೆಸಿದ್ದ ಬ್ಲಾಖ್ನಿಟ್ಸ್ಕಿ 1961ರಲ್ಲಿ ಬಂಧನಕ್ಕೊಳಗಾಗಿ, ಹಿಂದೆ ಸಾವಿಗಾಗಿ ಕಾದಿದ್ದ ಅದೇ ಕಟೋವಿತ್ಸೆಯ ಸೆರೆಮನೆಯಲ್ಲಿ ಕೆಲವು ತಿಂಗಳು ಕಳೆದರು. ಬಳಿಕ ಶಿಬಿರಗಳಿಗೆ ದಕ್ಷಿಣದ ಬೆಟ್ಟಸೀಮೆಯೇ ನೆಲೆಯಾಯಿತು; ಡುನಾಯೆತ್ಸ್ ನದಿ ದಂಡೆಯ ಕ್ರೊಶ್ಚೆಂಕೊ ಅದರ ಕೇಂದ್ರ. ಮಕ್ಕಳು ಉಳಿಯುತ್ತಿದ್ದುದು ಬೆಟ್ಟದ ರೈತರ ಮನೆಗಳಲ್ಲಿ. ಜಾಗ ಕೊಟ್ಟ ರೈತರಿಗೆ ದಂಡ ಬೀಳುತ್ತಿತ್ತು, ಗುಪ್ತ ಪೊಲೀಸರ ಕಣ್ಗಾವಲೂ ಇತ್ತು. ಆದರೂ ಆ ರೈತರು ಬಾಗಿಲು ಮುಚ್ಚಲಿಲ್ಲ. ಶಿಬಿರದ ಚರಿತ್ರೆಯಲ್ಲಿ ಅವರ ಪಾಲು ಯಾವ ಗುರುವಿನದಕ್ಕೂ ಕಡಿಮೆಯಲ್ಲ. ಕ್ರಾಕುವಿನ ಮಹಾಧರ್ಮಾಧ್ಯಕ್ಷರಾಗಿದ್ದ ವೊಯ್ತಿವಾ ಬೇಸಿಗೆಯಲ್ಲಿ ಶಿಬಿರಗಳಿಗೆ ಹೋಗಿ ಮಕ್ಕಳ ಜೊತೆಗಿರುತ್ತಿದ್ದರು; 1972ರ ಆಗಸ್ಟ್ 16ರಂದು ಬ್ವಿಶ್ಚ್ ಬೆಟ್ಟದ ಮೇಲೆ ಬಲಿಪೂಜೆ ಅರ್ಪಿಸಿದರು. ಇದು ಧರ್ಮಸಭೆಯದೇ ಕೆಲಸ ಎಂದು ಸರಕಾರಕ್ಕೆ ತಿಳಿಯಲು ಅವರ ಹಾಜರಿ ಸಾಕಾಗಿತ್ತು. ಎಪ್ಪತ್ತರ ದಶಕದ ಹೊತ್ತಿಗೆ ಬೇಸಿಗೆಯೊಂದಕ್ಕೆ ಹತ್ತಾರು ಸಾವಿರ ಮಂದಿ ಬರುತ್ತಿದ್ದರು.

ವೊಯ್ತಿವಾ ಪೋಪ್ ಎರಡನೇ ಜಾನ್ ಪಾಲ್ ಆಗಿ 1979ರ ಜೂನ್‌ನಲ್ಲಿ ತಾಯ್ನಾಡಿಗೆ ಬಂದಾಗ, ಬ್ಲಾಖ್ನಿಟ್ಸ್ಕಿ ನೊವಿ ಟಾರ್ಗ್‌ನಲ್ಲಿ ‘ಮಾನವ ವಿಮೋಚನಾ ಆಂದೋಲನ’ಕ್ಕೆ ಚಾಲನೆ ಕೊಟ್ಟರು. ಸೇರಿದವರು ಕುಡಿತದ ದಾಸರಾದವರಿಗಾಗಿ ತಾವೇ ಮದ್ಯವನ್ನು ಪೂರ್ತಿ ಬಿಡುತ್ತಾರೆ. 1981ರ ಡಿಸೆಂಬರ್‌ನಲ್ಲಿ ಸೈನಿಕ ಆಡಳಿತ ಜಾರಿಯಾದಾಗ ದೇಶದ ಹೊರಗಿದ್ದ ಅವರು ಮರಳಲಾಗದೆ ಪಶ್ಚಿಮ ಜರ್ಮನಿಯ ಕಾರ್ಲ್ಸ್‌ಬರ್ಗ್‌ನಲ್ಲಿ ನೆಲೆಸಿದರು. ಅಲ್ಲಿಯೇ 1987ರ ಫೆಬ್ರವರಿ 27ರಂದು ತೀರಿಕೊಂಡರು. ಆಗ ಅದನ್ನು ಸಹಜ ಸಾವೆಂದೇ ಬಗೆಯಲಾಗಿತ್ತು. 2020ರಲ್ಲಿ ಅವಶೇಷಗಳನ್ನು ಹೊರತೆಗೆದು ಪರೀಕ್ಷಿಸಿದ ಬಳಿಕ, ವಿಷವಿಕ್ಕಿ ಕೊಲ್ಲಲಾಗಿದೆ ಎಂದು ಪೋಲೆಂಡಿನ ರಾಷ್ಟ್ರೀಯ ಸ್ಮೃತಿ ಸಂಸ್ಥೆ 2023ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಚಳವಳಿಯ ಸುವರ್ಣ ವರ್ಷದ ಜೂನ್ ಆಗ ಮೂರೇ ತಿಂಗಳ ದೂರದಲ್ಲಿತ್ತು. ಅವರ ಸಮಾಧಿ 2000ದಿಂದ ಕ್ರೊಶ್ಚೆಂಕೊದಲ್ಲಿದೆ. 2015ರಲ್ಲಿ ಧರ್ಮಸಭೆ ಅವರನ್ನು ‘ಪೂಜನೀಯ’ರೆಂದು ಸಾರಿತು.

ಇಂದಿನ ಶಿಬಿರಗಳು ವಯಸ್ಸು ಮತ್ತು ತಯಾರಿಗೆ ತಕ್ಕಂತೆ ಹಂತಗಳಲ್ಲಿ ಸಾಗುತ್ತವೆ. ಎರಡನೆಯ ಹಂತದಲ್ಲಿ ಇಸ್ರಯೇಲರ ಬಿಡುಗಡೆಯ ಕಥೆಯೇ ಆಧಾರ. ಮೂರನೆಯ ಹಂತದವರು ರೋಮ್ ಅಥವಾ ಕ್ರಾಕುವಿನಂಥ ನಗರಗಳಲ್ಲಿ ತಂಗಿ ಧರ್ಮಸಭೆಯ ಬದುಕನ್ನು ಹತ್ತಿರದಿಂದ ಕಾಣುತ್ತಾರೆ. ಕುಟುಂಬಗಳಿಗೆ ‘ಗೃಹಸಭೆ’ ಎಂಬ ಶಾಖೆಯಿದೆ. ಪೋಲೆಂಡಿನ ನೆರೆಯ ಸ್ಲೊವಾಕಿಯಾ, ಜರ್ಮನಿ, ಉಕ್ರೇನ್‌ಗಳಿಗೂ ಚಳವಳಿ ಹಬ್ಬಿದೆ. ಪ್ರತಿವರ್ಷ ಪಂಚಾಶತ್ತಮ ಹಬ್ಬದ ಹಿಂದಿನ ದಿನ ಕ್ರೊಶ್ಚೆಂಕೊದಲ್ಲಿ ಸೇರುವ ಪ್ರತಿನಿಧಿಗಳು ಅಲ್ಲಿ ಬೆಳಗಿಸಿದ ಮೋಂಬತ್ತಿಗಳನ್ನು ಆ ಬೇಸಿಗೆಯ ಶಿಬಿರಗಳಿಗೆ ಒಯ್ಯುತ್ತಾರೆ.