ಧ್ವನಿಯಿಂದ ದೃಶ್ಯಕ್ಕೆ: ಒಂದು ಮುಕ್ತ ತಂತ್ರಾಂಶದ ಇತಿಹಾಸ

ಇತಿಹಾಸ ಎಂದೊಡನೆ ನಮಗೆ ರಾಜರು, ಕೋಟೆಗಳು, ಯುದ್ಧಗಳು ನೆನಪಾಗುತ್ತವೆ. ಆದರೆ ನಾವು ದಿನವೂ ಬಳಸುವ ಉಪಕರಣಗಳಿಗೂ ಒಂದು ಇತಿಹಾಸವಿದೆ. ಅದರಲ್ಲಿಯೂ ಹೋರಾಟವಿದೆ, ತ್ಯಾಗವಿದೆ, ಸೋಲು ಗೆಲುವುಗಳಿವೆ. ಅಂಥ ಒಂದು ಇತಿಹಾಸವನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ತರಗತಿಯ ಒಂದು ಮಾತು. ಉರ್ದುವಿನ ಬೇ, ಪೇ, ತೇ, ಸೇ ಅಕ್ಷರಗಳ ಆಕಾರ ಒಂದೇ, ದೋಣಿಯಂತೆ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಮೂರು ಇದ್ದರೆ ಪೇ. ಮೇಲೆ ಎರಡು ಇದ್ದರೆ ತೇ, ಮೂರು ಇದ್ದರೆ ಸೇ. ಇವುಗಳ ಉಚ್ಚಾರಣೆಯನ್ನು ಕೇಳಿ ಕಲಿಯಬಹುದು, ಆದರೆ ಬರವಣಿಗೆಯನ್ನು ನೋಡಿಯೇ ಕಲಿಯಬೇಕು. ಕನ್ನಡದ ಒತ್ತಕ್ಷರಗಳ ಮಾತೂ ಅಷ್ಟೇ. ಧ್ವನಿಯಿಂದ ಪಾಠದ ಅರ್ಧ ಮಾತ್ರ ಮಕ್ಕಳನ್ನು ಮುಟ್ಟುತ್ತದೆ ಎಂಬುದು ಪ್ರತಿಯೊಬ್ಬ ಭಾಷಾ ಶಿಕ್ಷಕರ ಅನುಭವ.

ಧ್ವನಿಯ ಕಾಲ

ದೂರದವರಿಗೆ ಧ್ವನಿ ಮುಟ್ಟಿಸುವ ಪ್ರಯತ್ನದಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರ ಯಂತ್ರವಿಟ್ಟು ಬಾನುಲಿ ಕೇಂದ್ರ ನಡೆಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ದೇಶದ ಬಾನುಲಿ ಸ್ವೀಕರಿಸಿತು. ಮುಂದೆ ಪ್ರಾಥಮಿಕ ಶಾಲೆಗಳಿಗಾಗಿ ರೇಡಿಯೋ ಪಾಠಗಳು ಬಂದವು. 'ಕೇಳಿ ಕಲಿ' ಕಾರ್ಯಕ್ರಮವನ್ನು ನಮ್ಮ ಅನೇಕ ಶಾಲೆಗಳು ಬಲ್ಲವು.

ಆದರೆ ಜನರೇ ತಮ್ಮ ಧ್ವನಿಯನ್ನು ಪ್ರಸಾರ ಮಾಡಲು ಕಾನೂನು ಬಿಡುತ್ತಿರಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದ್ದರೂ, ಸಮುದಾಯ ಬಾನುಲಿಯ ಅವಕಾಶ ಮೊದಲು ಶಿಕ್ಷಣ ಸಂಸ್ಥೆಗಳಿಗೆ, ನಂತರ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ದೊರೆಯಿತು. ಅದಕ್ಕೂ ಮುಂಚೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಅಂದರೆ ಹೈದರಲಿಯ ಜನ್ಮಸ್ಥಳದಲ್ಲಿ, 'ನಮ್ಮ ಧ್ವನಿ' ಎಂಬ ಕೇಂದ್ರ ಒಂದು ಉಪಾಯ ಕಂಡುಕೊಂಡಿತು. ಗಾಳಿಯಲ್ಲಿ ಪ್ರಸಾರಕ್ಕೆ ಪರವಾನಗಿ ಇಲ್ಲದ್ದರಿಂದ, ಊರಿನ ಕೇಬಲ್ ಟಿ.ವಿ. ತಂತಿಯಲ್ಲಿಯೇ ತಮ್ಮ ಧ್ವನಿಯನ್ನು ಹರಿಸಿ ಮನೆ ಮನೆಗೆ ಮುಟ್ಟಿಸಿದರು. ಚಿತ್ರದ ದಾರಿಯಲ್ಲಿ ಧ್ವನಿ ಸಾಗಿತು!

ಐಸ್‌ಕಾಸ್ಟ್ ಹುಟ್ಟಿದ್ದು

ಅದೇ ಕಾಲಕ್ಕೆ ಪರದೇಶದಲ್ಲಿ ಇಂಟರ್‌ನೆಟ್ ಮೂಲಕ ಬಾನುಲಿ ನಡೆಸುವ ಪ್ರಯತ್ನಗಳು ನಡೆದಿದ್ದವು. ಶೌಟ್‌ಕಾಸ್ಟ್ ಎಂಬ ತಂತ್ರಾಂಶ ಜನಪ್ರಿಯವಾಗಿತ್ತು, ಆದರೆ ಅದರ ಸೋರ್ಸ್ ಕೋಡ್ ಮುಚ್ಚಿತ್ತು. ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ತಂತ್ರಾಂಶ ಬೇಕೆಂದು ಜ್ಯಾಕ್ ಮೊಫಿಟ್ ಮತ್ತು ಭರತ್ ರಾಘವನ್ ಎಂಬಿಬ್ಬರು 1998ರ ಕೊನೆ, 1999ರ ಆರಂಭದ ಹೊತ್ತಿಗೆ 'ಐಸ್‌ಕಾಸ್ಟ್' ರಚಿಸಿದರು.

ಇದರ ಕೆಲಸ ನಮ್ಮ ಸಿಂಧನೂರು ಭಾಗದವರಿಗೆ ಸುಲಭವಾಗಿ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಪಕಾಲುವೆಗಳಿಗೆ, ಅಲ್ಲಿಂದ ಹೊಲಗಳಿಗೆ ಹರಿಯುವಂತೆ, ಮಾತನಾಡುವವನ ಕಂಪ್ಯೂಟರಿನಿಂದ ಧ್ವನಿ ಒಂದೇ ಧಾರೆಯಾಗಿ ಸರ್ವರ್‌ಗೆ ಬರುತ್ತದೆ. ಸರ್ವರ್ ಅದನ್ನು ಕೇಳುವವರಿಗೆಲ್ಲ ಹಂಚುತ್ತದೆ. ಒಂದೇ ವ್ಯತ್ಯಾಸ: ನೀರು ಪಾಲಾಗುತ್ತದೆ, ಧ್ವನಿ ಪ್ರತಿಯೊಬ್ಬರಿಗೂ ಪೂರ್ತಿಯಾಗಿ ನಕಲಾಗುತ್ತದೆ.

ಇಲ್ಲಿ ಇನ್ನೊಂದು ತೊಡಕಿತ್ತು. ಧ್ವನಿಯನ್ನು ಸಂಕುಚಿಸುವ ಎಂಪಿ3 ವಿಧಾನಕ್ಕೆ ಪೇಟೆಂಟ್ ಇತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 1998ರಲ್ಲಿ ಶುಲ್ಕ ಕೇಳಲು ಹೊರಟಿತು. ಕಾಲುವೆ ಉಚಿತ, ನೀರಿಗೆ ಕಂದಾಯ ಎಂಬಂತಾಯಿತು. ಇದಕ್ಕೆ ಉತ್ತರವಾಗಿ ಕ್ರಿಸ್ಟೋಫರ್ ಮಾಂಟ್‌ಗೊಮೆರಿ ಮತ್ತು ಸಂಗಡಿಗರು 'ವೋರ್ಬಿಸ್' ಎಂಬ ಶುಲ್ಕರಹಿತ ವಿಧಾನವನ್ನು ರೂಪಿಸಿದರು. 2002ರಲ್ಲಿ ಅದರ 1.0 ಆವೃತ್ತಿ ಹೊರಬಂತು. ಅದನ್ನು ತುಂಬಿಕೊಂಡು ಸಾಗುವ ಪೆಟ್ಟಿಗೆಯ ಹೆಸರು 'ಆಗ್'. ಈ ಪೆಟ್ಟಿಗೆಯೊಳಗೆ ಧ್ವನಿ ಮಾತ್ರ ಇರಬೇಕೆಂಬ ನಿಯಮವನ್ನು ಅವರು ಮಾಡಲಿಲ್ಲ. ಮುಂದಿನ ಕತೆಗೆಲ್ಲ ಈ ಸಣ್ಣ ದೂರದೃಷ್ಟಿಯೇ ಕಾರಣ.

ದೃಶ್ಯ ಸೇರಿದ್ದು

ದೃಶ್ಯಕ್ಕೂ ಒಂದು ಶುಲ್ಕರಹಿತ ವಿಧಾನ ಬೇಕಿತ್ತು. ಆನ್2 ಎಂಬ ಅಮೆರಿಕದ ಕಂಪನಿ ತನ್ನ ವಿಪಿ3 ಎಂಬ ವಿಧಾನದ ಸೋರ್ಸ್ ಕೋಡನ್ನು 2001ರಲ್ಲಿ ಬಹಿರಂಗಪಡಿಸಿ, ಅದರ ಪೇಟೆಂಟುಗಳಿಗೆ ಶುಲ್ಕ ಕೇಳುವುದಿಲ್ಲವೆಂದು ಒಪ್ಪಿಕೊಂಡಿತು. ಕ್ಸಿಫ್ ಪ್ರತಿಷ್ಠಾನದವರು ಅದನ್ನು ಆಧಾರವಾಗಿಟ್ಟುಕೊಂಡು 'ಥಿಯೋರಾ' ರೂಪಿಸಿದರು. ಇತ್ತ ಐಸ್‌ಕಾಸ್ಟನ್ನು ಬುಡದಿಂದ ಹೊಸದಾಗಿ ಬರೆಯುವ ಕೆಲಸ 2001ರಲ್ಲಿ ಆರಂಭವಾಗಿ, 2004ರ ಜನವರಿಯಲ್ಲಿ ಎರಡನೆಯ ಆವೃತ್ತಿ ಬಂತು. ಅದರ ಮುಂದಿನ ಬಿಡುಗಡೆಗಳಲ್ಲಿ ಥಿಯೋರಾ ದೃಶ್ಯಕ್ಕೂ ಜಾಗ ದೊರೆಯಿತು.

ಪೆಟ್ಟಿಗೆ ಸಿದ್ಧವಿದ್ದ ಮೇಲೆ ಇದೇನು ಕಷ್ಟ ಎನಿಸಬಹುದು. ಕಷ್ಟ ಇಲ್ಲಿತ್ತು. ಧ್ವನಿಯನ್ನು ನಡುವಿನಿಂದ ಕೇಳಲು ಆರಂಭಿಸಿದರೂ ತೊಂದರೆಯಿಲ್ಲ. ದೃಶ್ಯ ಹಾಗಲ್ಲ. ಜಾಗ ಉಳಿಸಲು ಪ್ರತಿ ಚಿತ್ರವನ್ನೂ ಪೂರ್ತಿ ಕಳಿಸುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ ಕಳಿಸಿ, ನಂತರ ಬದಲಾದ ಭಾಗವನ್ನಷ್ಟೇ ಕಳಿಸುತ್ತಾರೆ. ಆದ್ದರಿಂದ ತಡವಾಗಿ ಬಂದ ನೋಡುಗನಿಗೆ ಮೊದಲು ಪೂರ್ಣ ಚಿತ್ರವೇ ಸಿಗುವಂತೆ ಸರ್ವರ್ ಗುರುತಿಟ್ಟುಕೊಳ್ಳಬೇಕು. ತರಗತಿಗೆ ತಡವಾಗಿ ಬಂದ ವಿದ್ಯಾರ್ಥಿಗೆ ಪಾಠವನ್ನು ಹೊಸ ಪ್ಯಾರಾದಿಂದ ಹೇಳಿಕೊಡುವಂತೆ ಇದು.

ಇನ್ನೊಂದು ಕಷ್ಟ ಲೆಕ್ಕದ್ದು. ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿಯನ್ನು 100 ಜನ ಕೇಳಿದರೆ ಸರ್ವರಿನಿಂದ 6.4 ಮೆಗಾಬಿಟ್ ಹರಿಯಬೇಕು. 500 ಕಿಲೋಬಿಟ್‌ನ ದೃಶ್ಯವನ್ನು ಅಷ್ಟೇ ಜನ ನೋಡಿದರೆ 50 ಮೆಗಾಬಿಟ್! ಕಾಲುವೆಯ ಕೊನೆಭಾಗದ ರೈತನ ಪಾಡು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅದೇ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳು ಟಿ.ವಿ. ಪರದೆಯ ಮೇಲೆ ಪಾಠ ನೋಡಿದರು. ಒಂದು ಕಡೆ ಸರ್ಕಾರ ಆಕಾಶದಿಂದ ಚಿತ್ರ ಇಳಿಸಿತು. ಇನ್ನೊಂದು ಕಡೆ ಸಂಬಳವಿಲ್ಲದ ಸ್ವಯಂಸೇವಕರು ಸಾಮಾನ್ಯ ಕಂಪ್ಯೂಟರಿನಿಂದ ಚಿತ್ರ ಕಳಿಸುವ ದಾರಿ ಮಾಡಿದರು. ಉಪಗ್ರಹದ ಪಾಠ ಮೇಲಿನಿಂದ ಕೆಳಗೆ ಬರುತ್ತದೆ. ಐಸ್‌ಕಾಸ್ಟ್‌ನಲ್ಲಿ ಹಳ್ಳಿಯ ಶಾಲೆಯೂ ಕಳಿಸುವ ಸ್ಥಾನದಲ್ಲಿ ಕೂರಬಹುದು.

ಉಳಿದದ್ದೇನು?

2009ರಲ್ಲಿ ಫೈರ್‌ಫಾಕ್ಸ್ 3.5 ಬ್ರೌಸರ್ ಥಿಯೋರಾ ದೃಶ್ಯವನ್ನು ತಾನೇ ತೋರಿಸತೊಡಗಿತು. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಪಾಲುಗೊಂಡು 2008ರಲ್ಲಿ ಆರಂಭವಾದ ಪಾಡ್‌.ಮಾ ಎಂಬ ದೃಶ್ಯಭಂಡಾರವೂ ಇದೇ ಮುಕ್ತ ವಿಧಾನವನ್ನು ನೆಚ್ಚಿತ್ತು. ನಂತರ ಗೂಗಲ್ ಆನ್2 ಕಂಪನಿಯನ್ನು ಕೊಂಡು 2010ರಲ್ಲಿ ಥಿಯೋರಾಕ್ಕಿಂತ ಉತ್ತಮವಾದ 'ವೆಬ್‌ಎಂ' ಅನ್ನು ಉಚಿತವಾಗಿ ಕೊಟ್ಟಿತು. 2014ರಲ್ಲಿ ಐಸ್‌ಕಾಸ್ಟ್ 2.4 ಅದನ್ನೂ ಸೇರಿಸಿಕೊಂಡಿತು. ಥಿಯೋರಾ ಹಳತಾಯಿತು, 2024ರ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ಕೈಬಿಟ್ಟವು.

ನಿಜ ಹೇಳಬೇಕೆಂದರೆ ಐಸ್‌ಕಾಸ್ಟ್ ಇಂದಿಗೂ ಹೆಚ್ಚಾಗಿ ಧ್ವನಿಗೇ ಬಳಕೆಯಾಗುತ್ತಿದೆ. ದೃಶ್ಯವೆಲ್ಲ ಕೆಲವೇ ದೊಡ್ಡ ಕಂಪನಿಗಳ ಅಂಗಳಕ್ಕೆ ಹೋಗಿದೆ. ನಾವು ಶಿಕ್ಷಕರೂ ಪಾಠಗಳನ್ನು ಅಲ್ಲಿಯೇ ಹಾಕುತ್ತೇವೆ. ಅದು ಸುಲಭ, ಖರ್ಚಿಲ್ಲ. ಆದರೆ ಅಲ್ಲಿನ ನಿಯಮ ನಮ್ಮದಲ್ಲ. ನಾಳೆ ಅವರು ಬಾಗಿಲು ಮುಚ್ಚಿದರೆ ನಮ್ಮ ಪಾಠಗಳ ಗತಿ ಏನು ಎಂದು ಒಮ್ಮೆ ಯೋಚಿಸಬೇಕು.

ವಳಕಮದಿನ್ನಿಯಂಥ ಊರಿನ ಶಾಲೆಗೆ ಈ ಇತಿಹಾಸ ಹೇಳುವ ಮಾತು ಒಂದೇ. ಧ್ವನಿಗಾಗಿ ಮಾಡಿದ ತಂತ್ರಾಂಶಕ್ಕೆ ದೃಶ್ಯ ಸೇರಿದ್ದು ಹಣದಿಂದಲ್ಲ. ಮೊದಲು ಬರೆದವರು ಬಾಗಿಲು ತೆರೆದಿಟ್ಟು ಹೋದರು, ನಂತರ ಬಂದವರು ಕೆಲಸ ಮುಂದುವರಿಸಿದರು. ಒಂಬತ್ತು, ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡುವುದನ್ನಷ್ಟೇ ಕಲಿಯದೆ, ಅದು ಹೇಗೆ ಬರುತ್ತದೆ ಎಂಬುದನ್ನೂ ಕಲಿಯಲಿ. ಶಾಲೆಯ ಒಂದು ಹಳೆಯ ಕಂಪ್ಯೂಟರ್ ಇದಕ್ಕೆ ಸಾಕು. ಮೊದಲು ಪಕ್ಕದ ಕೋಣೆಗೆ ಧ್ವನಿ ಮುಟ್ಟಲಿ. ಆಮೇಲೆ ಚುಕ್ಕೆ ಇಡುವ ಕೈಯೂ ಪರದೆಯ ಮೇಲೆ ಕಾಣಲಿ.