ಹನ್ನೆರಡು ಬೆರಳಿನ ಕರುಳು

ಹೊಟ್ಟೆಯ ಎಂಡೋಸ್ಕೋಪಿ ಮಾಡಿಸಿದವರ ವರದಿಯಲ್ಲಿ 'ಡುಯೋಡಿನಮ್' ಎಂಬ ಪದ ಇದ್ದೇ ಇರುತ್ತದೆ. ಜಠರ ಮುಗಿದು ಸಣ್ಣ ಕರುಳು ಆರಂಭವಾಗುವ ಭಾಗದ ಹೆಸರು ಅದು. ಏನೋ ಗಹನವಾದದ್ದು ಎನಿಸುವ ಈ ಲ್ಯಾಟಿನ್ ಪದದ ಹಿಂದಿರುವುದು ಬರೀ 'ಹನ್ನೆರಡು'. ಏನು ಹನ್ನೆರಡು? ಬೆರಳು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಎಂಬ ಗ್ರೀಕ್ ವೈದ್ಯನಿದ್ದ. ಮನುಷ್ಯರ ಹೆಣಗಳನ್ನು ಕೊಯ್ದು ಒಳಗಿರುವುದನ್ನು ಕಣ್ಣಾರೆ ಕಂಡು ವಿವರಿಸಿದ ಮೊದಲಿಗರಲ್ಲಿ ಅವನೊಬ್ಬ. ಆ ತುಂಡು ಕರುಳು ಹನ್ನೆರಡು ಬೆರಳಗಲದಷ್ಟು ಉದ್ದ ಕಂಡಿತು. 'ಹನ್ನೆರಡು ಬೆರಳಿನದು' ಎಂದು ಕರೆದ. ನಮ್ಮ ಹೂವಾಡಗಿತ್ತಿಯರು ಮಾಲೆಯನ್ನು ಮೊಳದಲ್ಲಿ ಅಳೆಯುವ ಹಾಗೆ. ಗ್ರೀಕಿನಿಂದ ಅರಬ್ಬಿಗೆ, ಅರಬ್ಬಿಯಿಂದ ಲ್ಯಾಟಿನ್‌ಗೆ ಆ ಹೆಸರು ಸಾಗಿತು. ದಾರಿಯಲ್ಲಿ ಬೆರಳು ಬಿದ್ದುಹೋಗಿ ಹನ್ನೆರಡು ಮಾತ್ರ ಉಳಿಯಿತು.

ವೈದ್ಯಕೀಯ ಪದಗಳ ಮೂಲ ಹುಡುಕಿಕೊಂಡು ಹೋದಾಗಲೆಲ್ಲ ನನಗೆ ಎದುರಾಗುವುದು ಪಾಂಡಿತ್ಯವಲ್ಲ, ಅಡುಗೆಮನೆ, ಅಂಗಳ, ಬೀದಿ. ಮೊಣಕಾಲ ಕೆಳಗಿನ ದಪ್ಪ ಮೂಳೆ 'ಟಿಬಿಯಾ'; ರೋಮನ್ನರು ಊದುವ ಕೊಳವಿಗೂ ಅದೇ ಹೆಸರು. ಅದರ ಪಕ್ಕದ ತೆಳು ಮೂಳೆ 'ಫಿಬುಲಾ', ಹೊದ್ದ ಬಟ್ಟೆ ಜಾರದಂತೆ ಚುಚ್ಚುವ ಪಿನ್ನು. ಭುಜದಿಂದ ಎದೆಯ ನಡುವಿಗೆ ಬರುವ 'ಕ್ಲಾವಿಕಲ್' ಎಂದರೆ ಪುಟ್ಟ ಕೀಲಿಕೈ. ತೊಡೆಯ ಮೂಳೆ ಕೂರುವ ಸೊಂಟದ ಗುಳಿ 'ಅಸೆಟಾಬ್ಯುಲಮ್', ಊಟದ ಮೇಜಿನ ಮೇಲಿನ ವಿನೆಗರ್ ಬಟ್ಟಲು. ಒಳಗಿವಿಯ 'ಕಾಕ್ಲಿಯಾ' ಬಸವನಹುಳು. ಬೆನ್ನುಮೂಳೆಯ ತುದಿ 'ಕಾಕ್ಸಿಕ್ಸ್' ಕೋಗಿಲೆಯ ಜಾತಿಯ ಹಕ್ಕಿ, ಆ ಮೂಳೆ ಅದರ ಕೊಕ್ಕಿನಂತೆ ಕಂಡಿತೆಂದು. ತೋಳು ಮಡಚಿದಾಗ ಚರ್ಮದಡಿ ಏನೋ ಸರಿದಂತಾಗುತ್ತದಲ್ಲ, ಅದು 'ಮಸಲ್', ಪುಟ್ಟ ಇಲಿ.

ಆ ಭಾಷೆಯವರಿಗೆ ಇವು ದೊಡ್ಡ ಪದಗಳಾಗಿರಲಿಲ್ಲ. ನಾವು ಅಲ್ಲಿಂದ ದೂರವಿದ್ದೇವೆ, ಆದ್ದರಿಂದ ದೊಡ್ಡದಾಗಿ ಕಾಣುತ್ತವೆ.

ಆದರೆ ಈ ದೂರವೂ ಹಳೆಯದೇ. ರೋಮ್ ನಗರದಲ್ಲಿ ವೈದ್ಯರು ಬಹುಪಾಲು ಗ್ರೀಕರು, ವೈದ್ಯದ ಭಾಷೆ ಗ್ರೀಕ್. ಕ್ರಿಸ್ತಶಕ 1ನೇ ಶತಮಾನದಲ್ಲಿ ಸೆಲ್ಸಸ್ ಎಂಬಾತ ವೈದ್ಯವನ್ನು ಲ್ಯಾಟಿನ್‌ನಲ್ಲಿ ಬರೆಯಲು ಕುಳಿತ. ಊತದ ನಾಲ್ಕು ಲಕ್ಷಣಗಳನ್ನು ಅವನು ಕೆಂಪು, ಬಾವು, ಬಿಸಿ, ನೋವು ಎಂದು ಸರಳ ಲ್ಯಾಟಿನ್‌ನಲ್ಲಿ ಹೇಳಿದ. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅದನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ಗುಪ್ತಾಂಗಗಳ ರೋಗಗಳಿಗೆ ಬಂದಾಗ ತಡವರಿಸಿದ. ಗ್ರೀಕ್ ಹೆಸರುಗಳು ವೈದ್ಯರ ಬಾಯಲ್ಲಿ ಪಳಗಿವೆ, ಸಹಿಸಬಹುದು. ನಮ್ಮ ಮಾತಿನ ಹೆಸರುಗಳು ಮರ್ಯಾದಸ್ಥರು ಆಡುವಂಥವಲ್ಲ ಎಂಬರ್ಥದಲ್ಲಿ ಓದುಗರ ಮುಂದೆ ಸಂಕೋಚ ತೋಡಿಕೊಂಡ. ನಮ್ಮೂರ ಕ್ಲಿನಿಕ್ಕುಗಳಲ್ಲಿ ಇಂಗ್ಲಿಷ್ ಬಾರದವರೂ 'ಯೂರಿನ್', 'ಮೋಷನ್', 'ಪೀರಿಯಡ್ಸ್' ಎನ್ನುವುದನ್ನು ಕೇಳಿದವರಿಗೆ ಸೆಲ್ಸಸ್‌ನ ಪಾಡು ಅರ್ಥವಾಗುತ್ತದೆ. ಪರಭಾಷೆಯ ಪದ ನಾಚಿಕೆಗೊಂದು ಪರದೆ.

ಗ್ರೀಕ್ ವೈದ್ಯ ಯುರೋಪಿಗೆ ನೇರವಾಗಿ ಮಾತ್ರ ಹೋಗಲಿಲ್ಲ, ಬಾಗ್ದಾದಿನ ಮೂಲಕವೂ ಹೋಯಿತು. 9ನೇ ಶತಮಾನದಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಅವನ ಬಳಗದವರು ಗ್ಯಾಲನ್‌ನ ಕೃತಿಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದರು. ಕಣ್ಣಿನ ಹಿಂಭಾಗದ ಪದರವನ್ನು ಗ್ರೀಕರು ಮೀನಿನ ಬಲೆಗೆ ಹೋಲಿಸಿದ್ದರು. ಅರಬ್ಬಿಯಲ್ಲೂ ಅದು ಬಲೆಯೇ ಆಯಿತು. ಮುಂದೆ ಲ್ಯಾಟಿನ್‌ನ ಬಲೆಯಿಂದ 'ರೆಟಿನಾ' ಬಂತು. ಮಿದುಳನ್ನು ಹೊದ್ದ ಪದರಗಳನ್ನು ಅರಬ್ಬರು 'ತಾಯಿ' ಎಂದರು, ಒಂದು ದಪ್ಪ ತಾಯಿ, ಇನ್ನೊಂದು ತೆಳು ತಾಯಿ. 1127ರಲ್ಲಿ ಆಂಟಿಯೋಕ್‌ನ ಸ್ಟೀಫನ್ ಇದನ್ನು ಲ್ಯಾಟಿನ್‌ಗೆ ತರುವಾಗ ದಪ್ಪ ತಾಯಿ 'ಡ್ಯೂರಾ ಮೇಟರ್', ಅಂದರೆ ಗಡಸು ತಾಯಿಯಾದಳು. ತೆಳು ತಾಯಿ 'ಪಿಯಾ ಮೇಟರ್' ಆಗಿ ಭಕ್ತಿವಂತೆಯಾದಳು! ಒಬ್ಬ ಅನುವಾದಕ ಆರಿಸಿಕೊಂಡ ಪದ ಒಂಬೈನೂರು ವರ್ಷಗಳಿಂದ ನಮ್ಮೆಲ್ಲರ ತಲೆಯೊಳಗೆ ಕೂತಿದೆ.

ಇವೆಲ್ಲ ನಗಿಸುವ ಕಥೆಗಳು. ಪದದೊಳಗೆ ಹಳೆಯ ತಿಳಿವಳಿಕೆಯ ತಪ್ಪು ಕೂಡ ಉಳಿದುಕೊಳ್ಳುತ್ತದೆ. ಗ್ರೀಕರು ಮೊದಲು 'ಆರ್ಟೀರಿಯಾ' ಎಂದದ್ದು ಗಾಳಿಕೊಳವೆಗೆ. ಹೆಣದಲ್ಲಿ ಅಪಧಮನಿಗಳು ಬಹುಮಟ್ಟಿಗೆ ಖಾಲಿಯಾಗಿ ಕಾಣುತ್ತವೆ. ಅವೂ ಗಾಳಿಯ ಕೊಳವೆಗಳೇ ಎಂದುಕೊಂಡು ಅದೇ ಹೆಸರಿಟ್ಟರು. ನಿಜವಾದ ಗಾಳಿಕೊಳವೆ ಆಮೇಲೆ 'ಒರಟು ಆರ್ಟೀರಿಯಾ' ಆಗಿ, ಕೊನೆಗೆ 'ಒರಟು' ಎಂಬುದಷ್ಟೇ ಉಳಿದು 'ಟ್ರೇಕಿಯಾ' ಆಯಿತು. ಅಪಧಮನಿ ಕೊಯ್ದರೆ ರಕ್ತ ಚಿಮ್ಮುತ್ತದಲ್ಲ ಎಂದರೆ, ಅಲೆಕ್ಸಾಂಡ್ರಿಯಾದ ಎರಾಸಿಸ್ಟ್ರಾಟಸ್ ಬಳಿ ಉತ್ತರವಿತ್ತು: ಗಾಯವಾದಾಗ ಗಾಳಿ ಹೊರಹೋಗುತ್ತದೆ, ಆ ಖಾಲಿ ಜಾಗಕ್ಕೆ ಪಕ್ಕದ ನಾಳಗಳಿಂದ ರಕ್ತ ನುಗ್ಗುತ್ತದೆ. 2ನೇ ಶತಮಾನದಲ್ಲಿ ಗ್ಯಾಲನ್ ಜೀವಂತ ಪ್ರಾಣಿಯ ಅಪಧಮನಿಗೆ ಎರಡು ಕಡೆ ದಾರ ಬಿಗಿದು ನಡುವೆ ಕೊಯ್ದ. ಒಳಗಿದ್ದದ್ದು ರಕ್ತ. ವಾದ ಅಲ್ಲಿಗೆ ಬಿತ್ತು, ಹೆಸರು ಬೀಳಲಿಲ್ಲ. ನಮ್ಮ 'ಧಮನಿ'ಯ ಸಂಸ್ಕೃತ ಧಾತುವಿಗೂ ಊದುವುದು ಎಂದೇ ಅರ್ಥ. ಹೈಸ್ಕೂಲಿನ ಹುಡುಗ ಅಪಧಮನಿ, ಅಭಿಧಮನಿ ಎಂದು ಉರುಹೊಡೆಯುವಾಗ ಆ ಹಳೆಯ ಗಾಳಿಯೂ ಅವನ ಬಾಯಲ್ಲಿ ಹಾದುಹೋಗುತ್ತದೆ.

ಆರ್ಟರಿಯ ತಪ್ಪು ಇಂದು ಯಾರಿಗೂ ತೊಂದರೆ ಕೊಡುವುದಿಲ್ಲ. 'ಹಿಸ್ಟೀರಿಯಾ'ದ ತಪ್ಪು ಹಾಗಲ್ಲ. ಗ್ರೀಕ್‌ನಲ್ಲಿ 'ಹಿಸ್ಟೆರಾ' ಎಂದರೆ ಗರ್ಭಕೋಶ. ಅದು ಜಾಗ ಬಿಟ್ಟು ಮೇಲೇರಿ ಉಸಿರು ಕಟ್ಟಿಸುತ್ತದೆಂದು ನಂಬಿ, ಮೂಗಿಗೆ ಕೆಟ್ಟ ವಾಸನೆ, ಕೆಳಗೆ ಸುಗಂಧ ಹಿಡಿದು ಅದನ್ನು ಜಾಗಕ್ಕೆ ಕರೆಯುತ್ತಿದ್ದರು. ಗರ್ಭಕೋಶ ಹಾಗೆ ಪ್ರಾಣಿಯಂತೆ ಅಲೆಯುವುದಿಲ್ಲವೆಂದು 2ನೇ ಶತಮಾನದಲ್ಲೇ ಸೊರೇನಸ್ ಬರೆದ. ಆದರೂ ಶತಮಾನಗಳ ಕಾಲ ಹೆಣ್ಣಿನ ನೋವು, ಸಿಟ್ಟು, ಮೂರ್ಛೆ ಎಲ್ಲಕ್ಕೂ ಈ ಒಂದು ಚೀಟಿ ಅಂಟಿಸಿದರು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಶಾರ್ಕೋ ಗಂಡಸರಲ್ಲೂ ಈ ಲಕ್ಷಣಗಳಿವೆ ಎಂದು ತೋರಿಸಿದ. ಅವನಿಂದ ಕಲಿತ ಫ್ರಾಯ್ಡ್ 1886ರಲ್ಲಿ ವಿಯೆನ್ನಾದ ವೈದ್ಯರೆದುರು ಅದನ್ನೇ ಹೇಳಿದ. ಆಗ ಹಿರಿಯ ಶಸ್ತ್ರವೈದ್ಯನೊಬ್ಬ, ಪದದ ಅರ್ಥವೇ ಗರ್ಭಕೋಶ, ಗಂಡಸಿಗೆ ಹೇಗೆ ಬರುತ್ತದೆ ಎಂದು ಕೇಳಿದನಂತೆ. ಫ್ರಾಯ್ಡ್ ತನ್ನ ಆತ್ಮಕಥನದಲ್ಲಿ ಇದನ್ನು ನೆನೆಯುತ್ತಾನೆ. ಎದುರಿಗಿದ್ದ ರೋಗಿಗಿಂತ ಪದದ ವ್ಯುತ್ಪತ್ತಿ ದೊಡ್ಡದಾದ ಗಳಿಗೆ ಅದು. ಈ ಪ್ರಸಂಗ ಓದಿದ ಮೇಲೆ, ಪದಮೂಲ ಹುಡುಕುವ ನನ್ನಂಥವರು ಸ್ವಲ್ಪ ಎಚ್ಚರದಿಂದಿರಬೇಕು ಎನಿಸಿತು. ಒಂದು ಪದ ಎಲ್ಲಿಂದ ಬಂತೆಂಬುದು, ಅದು ಇಂದು ಏನು ಹೇಳಬೇಕೆಂಬುದಕ್ಕೆ ಸಾಕ್ಷಿಯಲ್ಲ.

19ನೇ ಶತಮಾನದ ಕೊನೆಗೆ ಹೆಸರುಗಳು ಎಷ್ಟು ಬೆಳೆದಿದ್ದವೆಂದರೆ, ದೇಹದ ಸುಮಾರು 5,000 ಭಾಗಗಳಿಗೆ 50,000ದಷ್ಟು ಹೆಸರುಗಳಿದ್ದವು. 1895ರಲ್ಲಿ ಬಾಸೆಲ್‌ನಲ್ಲಿ ಅಂಗರಚನಾ ತಜ್ಞರು ಸೇರಿ ಒಂದೊಂದಕ್ಕೆ ಒಂದೊಂದು ಲ್ಯಾಟಿನ್ ಹೆಸರೆಂದು ಒಪ್ಪಿದರು. ಯಾರ ಮನೆಮಾತೂ ಅಲ್ಲದ್ದರಿಂದ ಲ್ಯಾಟಿನ್ ಎಲ್ಲರಿಗೂ ಸಮನಾಗಿ ಪರಕೀಯವಾಗಿತ್ತು. ಬೆಂಗಳೂರಿನ ವೈದ್ಯೆ ಬರೆದದ್ದನ್ನು ಬರ್ಲಿನ್ನಿನ ವೈದ್ಯ ಓದುವುದಕ್ಕೆ ಇಂಥ ಒಪ್ಪಂದ ಬೇಕು. ಅದನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ.

ರೋಗಿಯ ಜೊತೆ ಆಡುವ ಮಾತು ಮಾತ್ರ ಬೇರೆ. ಕನ್ನಡದಲ್ಲಿ ವೈದ್ಯಕೀಯ ಪದ ಬೇಕೆಂದಾಗ ನಾವು ಥಟ್ಟನೆ ಸಂಸ್ಕೃತಕ್ಕೆ ಕೈಚಾಚುತ್ತೇವೆ, ಇಂಗ್ಲಿಷು ಗ್ರೀಕಿಗೆ ಕೈಚಾಚಿದಂತೆಯೇ. ಆದರೆ ಗ್ರೀಕ್ ವೈದ್ಯರು ಹೆಸರಿಡುವಾಗ ಮಾಡಿದ್ದು ಅದಲ್ಲ. ಕಣ್ಣಿನ ನಡುವಿನ ಕಪ್ಪನ್ನು ಅವರು 'ಕೋರೆ' ಎಂದರು, ಹುಡುಗಿ. ರೋಮನ್ನರು 'ಪ್ಯೂಪಿಲಾ' ಎಂದರು, ಪುಟ್ಟ ಹುಡುಗಿ, ಬೊಂಬೆ. ಸಂಸ್ಕೃತದಲ್ಲಿ ಅದು ಕನೀನಿಕೆ, ಅಲ್ಲೂ ಒಬ್ಬ ಹುಡುಗಿ. ಕನ್ನಡದಲ್ಲಿ ಅದು ಕಣ್ಣಿನ ಪಾಪೆ, ಪಾಪೆಯೆಂದರೆ ಬೊಂಬೆ. ಇದನ್ನು ಒಬ್ಬರಿಂದೊಬ್ಬರು ಕಲಿಯಬೇಕಿಲ್ಲ. ಎದುರಿನವರ ಕಣ್ಣನ್ನು ಹತ್ತಿರದಿಂದ ನೋಡಿದ ಯಾರಿಗೂ ಅಲ್ಲೊಂದು ಪುಟ್ಟ ಆಕೃತಿ ಕಾಣುತ್ತದೆ. 'ಕಣ್ಣಿಗೆ ಪೊರೆ ಬಂದಿದೆ' ಎಂದರೆ ಹಳ್ಳಿಯ ಅಜ್ಜನಿಗೂ ಏನಾಗಿದೆ, ಏನು ತೆಗೆಯುತ್ತಾರೆ ಎಂಬುದು ಗೊತ್ತಾಗುತ್ತದೆ. 'ಕ್ಯಾಟರಾಕ್ಟ್' ಎಂದರೆ ಜಲಪಾತ; ಅರಬ್ಬಿಯ 'ಇಳಿದ ನೀರು' ಲ್ಯಾಟಿನ್‌ನಲ್ಲಿ ಹಾಗಾಯಿತು. ಪೊರೆಯೇ ಅದಕ್ಕಿಂತ ವಾಸಿ.

ವರದಿಯಲ್ಲಿ ಡುಯೋಡಿನಮ್ ಎಂದೇ ಇರಲಿ. ಜಠರ ದಾಟಿದ ಕೂಡಲೇ ಹನ್ನೆರಡು ಬೆರಳುದ್ದದ ಕರುಳಿದೆ, ಹುಣ್ಣಾಗಿರುವುದು ಅಲ್ಲಿ ಎಂದು ವೈದ್ಯರು ಬಾಯಿಬಿಟ್ಟು ಹೇಳಿದರೆ, ಕುಳಿತವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದಿನ ಪ್ರಶ್ನೆ ಕೇಳಬಲ್ಲರು.